ಮೂವತ್ತು ಸಾವಿರದ ಮೂವತ್ತೊಂದು

ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಿದ್ದ ದೇವಕಮ್ಮ ೧೯೫೧ರ ಬೇಸಿಗೆ ರಜೆಗೆಂದು ಸುರಪುರಕ್ಕೆ ಬಂದಾಗ ಅವಳಿಗಿದ್ದದ್ದು ಒಂದೇ ಚಡಪಡಿಕೆ. ತಾನು ಕಲಿತದ್ದನ್ನು ಯಾರಿಗಾದರೂ ಹೇಳಬೇಕು, ಈಗಿಂದೀಗಲೇ ಹೇಳಬೇಕು.

ಅವಳು ಬೆಳೆದದ್ದು ಸಿಕಂದರಾಬಾದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ, ಸೋದರತ್ತೆ ಸುಂದ್ರಮ್ಮನ ಮನೆಯಲ್ಲಿ. ಅತ್ತೆಗೆ ಮಕ್ಕಳಿರಲಿಲ್ಲ. ಅಣ್ಣನ ಮಗಳು ಚುರುಕಾಗಿದ್ದಾಳೆಂದು ಚಿಕ್ಕಂದಿನಲ್ಲೇ ಕರೆದೊಯ್ದು ಶಾಲೆಗೆ ಹಾಕಿದ್ದಳು. ಶಾಲೆಯಲ್ಲಿ ಎಲ್ಲ ಪಾಠವೂ ಉರ್ದುವಿನಲ್ಲಿ. ನಿಜಾಮನ ಆಳ್ವಿಕೆ ಮುಗಿದು ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಕಾಲೇಜಿನ ಪಾಠಗಳು ಇಂಗ್ಲಿಷಿಗೆ ತಿರುಗಿದವು. ಅಲ್ಲಿಯವರೆಗೆ ‘ಮುಸಲ್ಲಸ್’ ಆಗಿದ್ದ ತ್ರಿಕೋನ ರಜೆ ಕಳೆದು ಬರುವಷ್ಟರಲ್ಲಿ ‘ಟ್ರಯಾಂಗಲ್’ ಆಗಿತ್ತು. ಜೊತೆಯ ಹುಡುಗಿಯರಲ್ಲಿ ಕೆಲವರು ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಂಡರು. ದೇವಕಮ್ಮ ಬಿಡಲಿಲ್ಲ. ಮಾತು ಅರ್ಥವಾಗದಿದ್ದರೂ ಬೋರ್ಡಿನ ಮೇಲಿನ ಅಂಕಿಗಳು ಅವೇ ಅಲ್ಲವೇ ಎಂದು ಮುಂದಿನ ಬೆಂಚಿನಲ್ಲೇ ಕೂತಳು.

ವರ್ಷದ ಕೊನೆಯ ಪಾಠವೊಂದರಲ್ಲಿ ಪ್ರೊಫೆಸರು ಪಠ್ಯ ಬದಿಗಿಟ್ಟು, ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಎಂಬುದನ್ನು ಏಳೆಂಟು ಸಾಲುಗಳಲ್ಲಿ ತೋರಿಸಿಕೊಟ್ಟರು. ದೇವಕಮ್ಮನಿಗೆ ಮೈ ಜುಮ್ಮೆಂದಿತು. ಯಾರೂ ಎಣಿಸಿ ಮುಗಿಸಲಾಗದ್ದನ್ನು ಕೂತಲ್ಲೇ ಕೂತು, ಬರೀ ಯೋಚಿಸಿ, ಮುಗಿಯುವುದಿಲ್ಲ ಎಂದು ಖಚಿತವಾಗಿ ಹೇಳಬಹುದು! ಆ ಸಂಜೆ ಅವಳು ಕಾಲೇಜಿದ್ದ ಕೋಠಿಯಿಂದ ಬಸ್ಸು ಹತ್ತುವುದನ್ನೂ ಮರೆತು ನಡೆಯುತ್ತಲೇ ಹೋದಳು.

ಊರಿಗೆ ಬಂದ ಮರುದಿನ ಅವ್ವ ತಿಮ್ಮವ್ವ ರೊಟ್ಟಿ ಬಡಿಯುತ್ತ ಕೇಳಿದಳು: “ಅಲ್ಲಿ ಏನ ಓದಾಕತ್ತಿ ಯವ್ವಾ?”

“ಗಣಿತ.”

“ಲೆಕ್ಕ ಅಂದ್ರ ಸಣ್ಣಾಕಿದ್ದಾಗೇ ಕಲ್ತಿದ್ದಿಯಲ್ಲ. ಇನ್ನಾ ಮುಗದಿಲ್ಲೇನು?”

“ಅದು ಮುಗಿಯಂಗಿಲ್ಲಬೇ! ಅದನ್ನೇ ಹೇಳಬೇಕಂತ ಬಂದೀನಿ,” ಎಂದು ದೇವಕಮ್ಮ ಒಲೆಯ ಮುಂದೆ ಕೂತಳು. ಕೂತವಳು ಬಾಯಿ ತೆರೆದು ಅಲ್ಲಿಗೇ ತಡೆದಳು. ಹೇಳಬೇಕಾದ ಒಂದೊಂದು ಶಬ್ದವೂ ಉರ್ದುವಿನಲ್ಲಿತ್ತು, ಇಲ್ಲವೇ ಇಂಗ್ಲಿಷಿನಲ್ಲಿತ್ತು. ಅವ್ವನೊಡನೆ ಆಡುವ ಮಾತಿನಲ್ಲಿ ಒಂದೂ ಇರಲಿಲ್ಲ. ತಿಮ್ಮವ್ವ ತವೆಯ ಮೇಲಿನ ರೊಟ್ಟಿ ತಿರುವಿಹಾಕಿ, “ಆಗಲಿ, ಪುರಸೊತ್ತಿಲೆ ಹೇಳೀಯಂತ,” ಎಂದಳು.

ಆ ಪುರಸೊತ್ತು ಬರುವ ಮೊದಲೇ ಹೇಳುವ ಇನ್ನೊಂದು ಸಂದರ್ಭ ಬಂತು. ಅಪ್ಪ ಈಶಪ್ಪ ತಹಸೀಲ ಕಚೇರಿಯಲ್ಲಿ ಚಪರಾಸಿ. ಒಂದು ಸಂಜೆ ಅವನು ಅವಸರವಾಗಿ ಮನೆಗೆ ಬಂದು, ರುಮಾಲನ್ನೂ ತೆಗೆಯದೆ ಹೇಳಿದ:

“ದೇವಕೀ, ನಾಳಿ ಶಹಾಪುರಕ್ಕ ಹೋಗಬೇಕಾಗ್ಯದ.”

“ಯಾಕಪ್ಪಾ?”

“ಮಾಸ್ತರಗೋಳಿಗೆ ಲೆಕ್ಕ ಹೇಳಾಕ.”

ಸಂಗತಿ ಹೀಗಿತ್ತು. ಜೂನ್ ತಿಂಗಳಿಂದ ಆ ಕಡೆಯ ಶಾಲೆಗಳಲ್ಲಿ ಗಣಿತವನ್ನು ಉರ್ದುವಿನ ಬದಲು ಕನ್ನಡದಲ್ಲಿ ಕಲಿಸಬೇಕೆಂದು ಹುಕುಮಾಗಿತ್ತು. ಯಾದಗಿರಿ, ಶಹಾಪುರ, ಸುರಪುರದ ಮಾಸ್ತರರನ್ನೆಲ್ಲ ಶಹಾಪುರದ ಒಂದು ಶಾಲೆಯಲ್ಲಿ ಸೇರಿಸಿ ತರಬೇತಿ ಇಟ್ಟಿದ್ದರು. ಆದರೆ ಗಣಿತ ಹೇಳಲು ಧಾರವಾಡದಿಂದ ಬರಬೇಕಾಗಿದ್ದವರು ಜ್ವರ ಬಂದು ಮಲಗಿದ್ದರು. ಶಿಕ್ಷಣ ಖಾತೆಯ ಇನ್‌ಸ್ಪೆಕ್ಟರ್ ಸಾಹೇಬರು ತಹಸೀಲ ಕಚೇರಿಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

“‘ಯುನಿವರ್ಸಿಟಿಯೊಳಗ ಗಣಿತ ಓದಿದೋರು ಈ ಕಡಿ ಯಾರರ ಅದಾರೇನು?’ ಅಂತ ಕೇಳಿದ್ರು. ನಾ ಫೈಲ್ ಇಡಾಕತ್ತಿದ್ದೆ. ನನ್ನ ಮಗಳು ಓದಾಕತ್ಯಾಳ್ರಿ ಸಾಹೇಬ್ರ, ಅಂದುಬಿಟ್ಟೆ. ಕಚೇರಿ ಮಂದಿಯೆಲ್ಲ ನನ್ನ ಮಾರಿನೇ ನೋಡಿದ್ರು,” ಎಂದ ಈಶಪ್ಪ. ಅಂದುಬಿಟ್ಟ ಮೇಲೆ ಅವನಿಗೂ ಸ್ವಲ್ಪ ಹೆದರಿಕೆಯಾದಂತಿತ್ತು. “ನಿನ್ನ ಕೈಲಿ ಆಗ್ತದಲ್ಲ?”

“ಆಗ್ತದಪ್ಪಾ!” ಎಂದಳು ದೇವಕಮ್ಮ. ಹೇಗೆ ಎನ್ನುವುದು ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಅಪ್ಪ ಮಗಳು ಇಬ್ಬರೂ ಶಹಾಪುರಕ್ಕೆ ಹೋದರು. ದಾರಿಯುದ್ದಕ್ಕೂ ಅವಳು ತುಟಿಯಲ್ಲೇ ಶಬ್ದ ಹುಡುಕುತ್ತಿದ್ದಳು. ಶಾಲೆಯ ಹಾಲಿನಲ್ಲಿ ಮಾಸ್ತರರು ಸಾಲಾಗಿ ಕೂತಿದ್ದರು. ಹೆಂಗಸು ಎಂದರೆ ಶಹಾಪುರದ ಹೆಣ್ಣುಮಕ್ಕಳ ಶಾಲೆಯ ಪಾರ್ವತೆಮ್ಮ ಒಬ್ಬರೇ. ಮುಂದಿನ ಸಾಲಿನಲ್ಲಿ, ಕರಿ ಶೇರವಾನಿ ತೊಟ್ಟು, ಕೋಲಿನ ಮೇಲೆ ಕೈಯಿಟ್ಟು ಕೂತಿದ್ದವರು ಯಾದಗಿರಿಯ ಸುಲ್ತಾನಸಾಬ ಮಾಸ್ತರು. ಜೀವಮಾನವೆಲ್ಲ ಉರ್ದುವಿನಲ್ಲೇ ಗಣಿತ ಕಲಿಸಿದವರು. ಅವರ ಕೈಯಲ್ಲಿ ಕಲಿತವರೇ ಆ ಹಾಲಿನಲ್ಲಿ ಅರ್ಧ ಮಂದಿ.

ಇನ್‌ಸ್ಪೆಕ್ಟರ್ ಸಾಹೇಬರು ಅವಳ ಹೆಸರು ಹೇಳಿ ಪರಿಚಯ ಮಾಡಿಸಿದಾಗ ಗುಸುಗುಸು ಎದ್ದಿತು. “ಹುಡುಗಿ ನಮಗ ಕಲಸ್ತಾಳೇನು?” ಎಂದು ಯಾರೋ ಅಂದರು. ಸುರಪುರದ ಇಬ್ಬರು ಮಾಸ್ತರರು ಎದ್ದು ಹೋಗಿ ಹೊರಗಿನ ವರಾಂಡದಲ್ಲಿ ಕೂತರು. ಅವರು ಈಶಪ್ಪನನ್ನೂ ಬಲ್ಲರು, ಅವನ ಕೇರಿಯನ್ನೂ ಬಲ್ಲರು. ದೇವಕಮ್ಮ ಅದನ್ನು ನೋಡಿದಳು. ಅಂಗಳದ ಬೇವಿನ ಗಿಡದ ಕೆಳಗೆ ಕೂತಿದ್ದ ಈಶಪ್ಪನೂ ನೋಡಿದ.

ಅವಳು ಮನೆಯಿಂದ ತಂದಿದ್ದ ಒಂದು ಹಿಡಿ ಹುಣಸೆ ಬೀಜವನ್ನು ಮೇಜಿನ ಮೇಲೆ ಸುರಿದಳು.

“ಹನ್ನೆರಡು ಬೀಜ ಅದಾವ್ರಿ. ಇವನ್ನ ಸಮಾ ಸಮಾ ಸಾಲು ಹಚ್ಚಬಹುದು. ಮೂರರ ನಾಕು ಸಾಲು, ಇಲ್ಲಂದ್ರ ಎರಡರ ಆರು ಸಾಲು. ಈಗ ಏಳು ಬೀಜ ತಗೊಳ್ರಿ. ಹೆಂಗ ಹಚ್ಚಿದ್ರೂ ಸಮಾ ಆಗಂಗಿಲ್ಲ. ಒಂದೇ ಉದ್ದನ ಸಾಲು, ಇಲ್ಲಂದ್ರ ಒಂದೊಂದೇ ಬಿಡಿಬಿಡಿ. ಹನ್ನೆರಡು ಒಡಿತದ, ಏಳು ಒಡಿಯಂಗಿಲ್ಲ. ಏಳು ಒಡಿಲಾರದ ಸಂಖ್ಯೆ.”

“ಮುಂಬೈ ಕಡಿ ಪುಸ್ತಕದಾಗ ಅದಕ್ಕ ಅವಿಭಾಜ್ಯ ಅಂತಾರ,” ಎಂದರು ಪಾರ್ವತೆಮ್ಮ ತಗ್ಗಿದ ದನಿಯಲ್ಲಿ.

“ಅವಿಭಾಜ್ಯ!” ದೇವಕಮ್ಮ ಆ ಶಬ್ದವನ್ನು ಬಾಯಲ್ಲಿ ಹೊರಳಿಸಿ ನೋಡಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು. “ಚಲೋ ಆಯ್ತ್ರಿ ಅಕ್ಕೋರ. ಈಗ ನಾ ಒಂದ ಮಾತ ಹೇಳ್ತೀನಿ. ಇಂಥವಕ್ಕ ಕೊನಿ ಇಲ್ಲ. ನೀವು ಎಷ್ಟರ ಅವಿಭಾಜ್ಯ ಕೊಡ್ರಿ, ಅವುಗಳೊಳಗ ಇಲ್ಲದ್ದು ಇನ್ನೊಂದು ನಾ ತೋರಸ್ತೀನಿ.”

ಹಾಲಿನಲ್ಲಿ ಚಲನೆ ಕಂಡಿತು. ಮಾಸ್ತರರಿಗೆ ಪಂಥವೆಂದರೆ ಸುಮ್ಮನಿರಲಾಗುವುದಿಲ್ಲ.

“ಎರಡು, ಮೂರು, ಐದು!” ಎಂದರೊಬ್ಬರು.

“ಮೂರೂ ಗುಣಿಸಿದ್ರ ಮೂವತ್ತು. ಒಂದು ಕೂಡಿಸ್ರಿ, ಮೂವತ್ತೊಂದು. ಒಡೀರಿ ನೋಡೋಣು.”

ಮೂವತ್ತೊಂದು ಒಡೆಯಲಿಲ್ಲ. “ಏಳು ಸೇರಸು,” ಎಂದರು ಇನ್ನೊಬ್ಬರು. ಇನ್ನೂರಾ ಹನ್ನೊಂದು ಬಂತು. ಅದೂ ಒಡೆಯಲಿಲ್ಲ. ಹನ್ನೊಂದು ಸೇರಿಸಿದರು. ಎರಡು ಸಾವಿರದ ಮುನ್ನೂರಾ ಹನ್ನೊಂದು. ಪಾಟಿಗಳ ಮೇಲೆ ಬಳಪಗಳು ಕರಕರ ಎಂದವು. ಅದೂ ಜಗ್ಗಲಿಲ್ಲ.

ದೇವಕಮ್ಮನಿಗೆ ಹುರುಪು ಏರಿತು. “ಯಾಕಂತ ನೋಡ್ರಿ! ಎರಡರಿಂದ ಭಾಗಿಸ್ರಿ, ಒಂದು ಬಾಕಿ. ಮೂರರಿಂದ ಭಾಗಿಸ್ರಿ, ಒಂದು ಬಾಕಿ. ಐದರಿಂದ, ಏಳರಿಂದ, ಯಾವದರಿಂದ ಭಾಗಿಸಿದ್ರೂ ಆ ಒಂದು ಹಂಗೇ ಉಳಿತದ. ಅಂದಮ್ಯಾಲೆ ಅದು ಒಡಿಯೋ ಮಾತೇ ಇಲ್ಲ! ಗುಣಿಸಿ ಒಂದು ಕೂಡಿಸಿದ್ರ ಪ್ರತಿ ಸಲಾ ಹೊಸಾ ಅವಿಭಾಜ್ಯ ಬಂದೇ ಬರ್ತದ!”

ಸುಲ್ತಾನಸಾಬ ಮಾಸ್ತರು ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ. ಈಗ ಕೋಲನ್ನು ನೆಲಕ್ಕೆ ಒಮ್ಮೆ ತಟ್ಟಿದರು.

“ಬೇಟಿ, ಹದಿಮೂರೂ ಸೇರಸು.”

ಅವಳು ಗುಣಿಸಿದಳು. ಮೂವತ್ತು ಸಾವಿರದ ಮೂವತ್ತು. ಒಂದು ಕೂಡಿಸಿ ಬರೆದಳು: ೩೦೦೩೧.

“ಇದು ಒಡಿಯಂಗಿಲ್ಲಂತಿ?”

“ಒಡಿಯಂಗಿಲ್ರಿ.”

“ಒಡದು ನೋಡಿದಿಯೇನು?”

“ನೋಡೋದು ಬೇಕಾಗಿಲ್ರಿ. ಈಗ ಹೇಳಿದೆಲ್ರಿ...”

“ನೀ ಹೇಳಿದ್ದು ಏನು? ಎರಡರಿಂದ ಹದಿಮೂರರ ತನಕ ಯಾವದೂ ಇದನ್ನ ಒಡಿಯಂಗಿಲ್ಲ. ಅದು ಖರೇ. ಹದಿಮೂರರ ಮ್ಯಾಲಿನವು ಒಡಿಯಂಗಿಲ್ಲಂತ ಎಲ್ಲಿ ಹೇಳಿದಿ?”

ದೇವಕಮ್ಮನ ಕೈ ಬೋರ್ಡಿನ ಮೇಲೇ ನಿಂತಿತು. ಆಕೆ ಹೇಳಿರಲಿಲ್ಲ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಸರಸರನೆ ಹೋದ ಆ ಏಳೆಂಟು ಸಾಲುಗಳಲ್ಲಿ ಇದಕ್ಕೆ ಏನೋ ಒಂದು ಮಾತು ಇತ್ತೇ? ನೆನಪಾಗಲಿಲ್ಲ.

“ಒಡದು ನೋಡ್ರೋ ಎಲ್ಲಾರೂ,” ಎಂದರು ಸುಲ್ತಾನಸಾಬರು ಹಿಂದಕ್ಕೆ ತಿರುಗಿ, ತರಗತಿಯಲ್ಲಿ ಹುಡುಗರಿಗೆ ಹೇಳುವ ದನಿಯಲ್ಲಿ. “ಒಬ್ಬೊಬ್ಬರು ಒಂದೊಂದು ತಗೊಳ್ರಿ. ಹದಿನೇಳು ನನಗಿರಲಿ.”

ಮುಂದಿನದು ಸಂತೆಯ ಗದ್ದಲ. ಹತ್ತೊಂಬತ್ತು ಒಬ್ಬರು, ಇಪ್ಪತ್ಮೂರು ಒಬ್ಬರು, ಇಪ್ಪತ್ತೊಂಬತ್ತು ಇನ್ನೊಬ್ಬರು. ನಲವತ್ತು ದಾಟಿದ ಗಂಡಸರು ಒಬ್ಬರ ಪಾಟಿಯಲ್ಲಿ ಒಬ್ಬರು ಇಣುಕುತ್ತ, “ಹನ್ನೊಂದು ಬಾಕಿ!” “ನಂದು ಹದಿನಾರು ಬಾಕಿ!” ಎಂದು ಕೂಗತೊಡಗಿದರು. “ನಲವತ್ಮೂರು ಯಾರೂ ತಗೊಂಡಿಲ್ಲ!” ಎಂದು ಯಾರೋ ಅಂದಾಗ ವರಾಂಡದಿಂದ, “ನಾ ಮಾಡಾಕತ್ತೇನಿ, ತಡೀರಿ!” ಎಂಬ ದನಿ ಬಂತು. ಸುರಪುರದ ಆ ಇಬ್ಬರಲ್ಲಿ ಒಬ್ಬರು ನೆಲದ ಮೇಲೆ ಕಲ್ಲಿನಿಂದ ಗೀಚುತ್ತಿದ್ದರು. ಆದರೆ ಕಲ್ಲಿನ ಗೀರು ಚೆನ್ನಾಗಿ ಮೂಡಲಿಲ್ಲ. ಅವರು ದಡದಡನೆ ಒಳಗೆ ಬಂದು, ದೇವಕಮ್ಮನ ಮುಂದೆ ಕೈ ಚಾಚಿ, “ಚಾಕ್‌ಪೀಸು ಕೊಡವ್ವಾ, ಲಗೂನ,” ಎಂದರು. ಅವಳು ಕೊಟ್ಟಳು. ಅವರು ಅವಳ ಕೈಯಿಂದಲೇ ತೆಗೆದುಕೊಂಡು, ಬೋರ್ಡಿನ ಮೂಲೆಯಲ್ಲಿ ಭಾಗಿಸಿ, “ಹದಿನೇಳು ಬಾಕಿ,” ಎಂದು ನಿಟ್ಟುಸಿರಿಟ್ಟು ಅಲ್ಲೇ ಮುಂದಿನ ಸಾಲಿನಲ್ಲಿ ಕೂತರು.

ಗದ್ದಲದ ನಡುವೆ ಪಾರ್ವತೆಮ್ಮ ಎದ್ದು ನಿಂತದ್ದು ಯಾರಿಗೂ ಕಾಣಲಿಲ್ಲ. ಅವರು ಎರಡನೆಯ ಸಲ ಹೇಳಿದಾಗ ಎಲ್ಲರೂ ಸುಮ್ಮನಾದರು.

“ಐವತ್ತೊಂಬತ್ತು. ಐವತ್ತೊಂಬತ್ತು ಐದುನೂರಾ ಒಂಬತ್ಲೆ ಮೂವತ್ತು ಸಾವಿರದ ಮೂವತ್ತೊಂದು. ಬಾಕಿ ಏನೂ ಇಲ್ಲ.”

ಇಡೀ ಸಭೆ ಹೋ ಎಂದಿತು. “ಒಡೀತು!” “ಹೈದರಾಬಾದಿನ ಗಣಿತ ಒಡದು ಹೋಯ್ತಲೇ!” ಎಂದು ಯಾರೋ ತೊಡೆ ತಟ್ಟಿದರು. ಇನ್‌ಸ್ಪೆಕ್ಟರ್ ಸಾಹೇಬರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು.

ದೇವಕಮ್ಮ ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದಳು. ಕಿವಿ ಕಾದು ಕೆಂಪಾಗಿದ್ದವು. ಬೇವಿನ ಗಿಡದ ಕೆಳಗೆ ಅಪ್ಪ ಎಲ್ಲವನ್ನೂ ಕೇಳಿರುತ್ತಾನೆ ಎಂಬುದು ಹೊಳೆಯಿತು. ತಪ್ಪಾಯಿತು ಎನ್ನಲು ತಿರುಗಬೇಕು. ತಿರುಗುವ ಮೊದಲು ಅವಳು ಪಾರ್ವತೆಮ್ಮ ಹೇಳಿದ್ದನ್ನು ಬರೆದಳು. ೫೯ ಎಂದು ಬರೆದಳು. ಅದರ ಮೇಲೆ, ಮೊದಲೇ ಬರೆದಿದ್ದ ಸಾಲು ಇತ್ತು: ೨, ೩, ೫, ೭, ೧೧, ೧೩.

ಕೆಳಗೆ ನೋಡಿದಳು. ಮೇಲೆ ನೋಡಿದಳು.

“ಮಾಸ್ತರ್ರೀ,” ಎಂದಳು. ತಿರುಗಿ ಸುಲ್ತಾನಸಾಬರ ಕಡೆ ನೋಡಿದಳು. “ಐವತ್ತೊಂಬತ್ತು ಒಡಿತದೇನ್ರಿ?”

“ಇಲ್ಲ. ಐವತ್ತೊಂಬತ್ತು ಒಡಿಯಂಗಿಲ್ಲ.”

“ಮತ್ತ ಅದು ನಮ್ಮ ಈ ಸಾಲಿನೊಳಗ ಅದೇನ್ರಿ?”

ಸುಲ್ತಾನಸಾಬ ಮಾಸ್ತರು ಬೋರ್ಡಿನ ಕಡೆ ನೋಡಿದರು. ಅವರ ಹುಬ್ಬು ನಿಧಾನವಾಗಿ ಮೇಲೇರಿತು. ಕೋಲನ್ನು ಬಿಟ್ಟು ಎದ್ದೇ ನಿಂತರು.

“ಇಲ್ಲ,” ಎಂದರು. “ಇಲ್ಲ! ಸುಭಾನಲ್ಲಾ, ಇಲ್ಲ!”

“ಇರಾಕ ಸಾಧ್ಯನೇ ಇಲ್ರಿ!” ದೇವಕಮ್ಮ ಈಗ ಕೂಗುತ್ತಿದ್ದಳು. “ಈ ಸಾಲಿನೊಳಗಿನ ಯಾವದೂ ಅದನ್ನ ಒಡಿಯಂಗಿಲ್ಲ, ಒಂದು ಬಾಕಿ ಉಳದೇ ಉಳಿತದ. ಹಂಗಾರ ಎರಡೇ ದಾರಿ. ಬಂದ ಸಂಖ್ಯೆ ಒಡಿಲಿಲ್ಲಂದ್ರ ಅದೇ ಹೊಸಾದು. ಒಡೀತಂದ್ರ, ಅದನ್ನ ಒಡದ ಅವಿಭಾಜ್ಯನೇ ಹೊಸಾದು! ನಾ ಹೇಳಿದ್ದು ತಪ್ಪ್ರಿ. ಪ್ರತಿ ಸಲಾ ಅದೇ ಅವಿಭಾಜ್ಯ ಆಗಬೇಕಂತಿಲ್ಲ. ಆದ್ರ ಹೊಸಾದೊಂದು ಸಿಕ್ಕೇ ಸಿಗ್ತದ. ಒಡದ್ರೂ ಸಿಗ್ತದ, ಒಡೀದಿದ್ರೂ ಸಿಗ್ತದ!”

ಒಬ್ಬೊಬ್ಬರ ಮುಖದಲ್ಲೂ ಅದು ಬೇರೆ ಬೇರೆ ಹೊತ್ತಿಗೆ ಹೊಳೆಯಿತು. ಮೊದಲು ಪಾರ್ವತೆಮ್ಮ ನಕ್ಕರು. ಆಮೇಲೆ ಹಿಂದಿನ ಸಾಲಿನವರೊಬ್ಬರು ‘ಅರೆರೆರೆ’ ಎಂದು ತಲೆ ಹಿಡಿದುಕೊಂಡರು. ತೊಡೆ ತಟ್ಟಿದ್ದವರು ಪಕ್ಕದವರನ್ನು ಅಲುಗಿಸಿ, “ಒಡದದ್ದೇ ಹೊಸಾದಂತೋ!” ಎಂದು ತಾವೇ ಕಂಡುಹಿಡಿದವರಂತೆ ವಿವರಿಸತೊಡಗಿದರು. ಸುಲ್ತಾನಸಾಬರು ಅದನ್ನೇ ಒಮ್ಮೆ ಉರ್ದುವಿನಲ್ಲಿ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಬೋರ್ಡಿನ ಬಳಿ ಬಂದು, ಹಾಲಿನ ಕಡೆ ತಿರುಗಿ, ಮೊದಲಿನಿಂದ ಕೊನೆಯ ತನಕ ಕನ್ನಡದಲ್ಲಿ ಹೇಳಿದರು. ಎಲ್ಲೂ ತಡವರಿಸಲಿಲ್ಲ. ಮುಗಿಸಿ, ಮೀಸೆಯಡಿ ನಗುತ್ತ, “ಮನ್ಯಾಗ ಹೆಂಡ್ತಿ ಮಕ್ಕಳ ಸಂಗಾಟ ಆಡೋ ಮಾತು ಇದು. ಇದರಾಗ ಹಿಂಗೂ ಹೇಳಬಹುದಂತ ನನಗ ಗೊತ್ತೇ ಇರಲಿಲ್ಲ,” ಎಂದರು.

ಧಾರವಾಡದವರು ಬರಲೇ ಇಲ್ಲ. ತರಬೇತಿ ಮುಗಿಯುವ ತನಕ ದೇವಕಮ್ಮನೇ ಪಾಠ ಹೇಳಿದಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಸುರಪುರದ ಆ ಇಬ್ಬರು ಮಾಸ್ತರರೂ ಅದೇ ಬಸ್ಸಿನಲ್ಲಿರುತ್ತಿದ್ದರು. ಒಬ್ಬರು ಹಿಂದಿನ ದಿನದ ಲೆಕ್ಕದ ಬಗ್ಗೆ ಕೇಳುತ್ತಿದ್ದರು. ಇನ್ನೊಬ್ಬರು ಕಿಟಕಿಯ ಹೊರಗೆ ನೋಡುತ್ತ ಕಿವಿಗೊಡುತ್ತಿದ್ದರು. ಹಾಲಿನಲ್ಲಿ ಶಬ್ದಗಳಿಗಾಗಿ ಜಗಳಗಳಾಗುತ್ತಿದ್ದವು. ಪುಸ್ತಕದ ಶಬ್ದ ಬೇಕೆಂದು ಕೆಲವರು, ಹುಡುಗರಿಗೆ ತಿಳಿಯುವ ಶಬ್ದ ಬೇಕೆಂದು ಕೆಲವರು. ಬಾಕಿ ಎನ್ನಬೇಕೋ ಶೇಷ ಎನ್ನಬೇಕೋ ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಕೊನೆಯ ದಿನ ಪಾರ್ವತೆಮ್ಮ ಒಂದು ಪ್ರಶ್ನೆ ಕೇಳಿದರು. “ಮೂರು ಐದು, ಐದು ಏಳು, ಹನ್ನೊಂದು ಹದಿಮೂರು, ಹದಿನೇಳು ಹತ್ತೊಂಬತ್ತು. ಹಿಂಗ ನಡುವ ಒಂದೇ ಬಿಟ್ಟು ಜೋಡಿಜೋಡಿಯಾಗಿ ಬರ್ತಾವಲ್ಲ, ಈ ಜೋಡಿಗಳಿಗೂ ಕೊನಿ ಇಲ್ಲೇನು?”

“ಗೊತ್ತಿಲ್ರಿ ಅಕ್ಕೋರ.”

“ನಿನಗ ಗೊತ್ತಿಲ್ಲೋ, ಇನ್ನೂ ಕಲಿಸಿಲ್ಲೋ?”

“ಯಾರಿಗೂ ಗೊತ್ತಿಲ್ರಿ. ನಮ್ಮ ಪ್ರೊಫೆಸರೇ ಹೇಳ್ಯಾರ. ವಿಲಾಯತಿಯೊಳಗೂ ಗೊತ್ತಿಲ್ಲಂತ, ಅಮೇರಿಕದೊಳಗೂ ಗೊತ್ತಿಲ್ಲಂತ.”

ಶಹಾಪುರದಲ್ಲಿ ಕೂತು ತಾವು ಕೇಳಿದ ಪ್ರಶ್ನೆಗೆ ಇಡೀ ಜಗತ್ತಿನಲ್ಲಿ ಉತ್ತರವಿಲ್ಲ ಎಂಬುದನ್ನು ಪಾರ್ವತೆಮ್ಮ ಸ್ವಲ್ಪ ಹೊತ್ತು ನಂಬಲಿಲ್ಲ. ನಂಬಿದ ಮೇಲೆ ಅವರ ಮುಖ ಅರಳಿತು.

ಆ ಸಂಜೆ ಇನ್‌ಸ್ಪೆಕ್ಟರ್ ಸಾಹೇಬರು ಈಶಪ್ಪನನ್ನು ಕರೆಸಿದರು. ಶಹಾಪುರದ ಶಾಲೆಯಲ್ಲಿ ಜಾಗ ಖಾಲಿಯಿದೆ, ಹುಡುಗಿ ಜೂನ್‌ನಿಂದಲೇ ಸೇರಬಹುದು, ಓದು ಮುಗಿಯಬೇಕೆಂದೇನೂ ಇಲ್ಲ ಎಂದರು. ಈಶಪ್ಪ ಮನೆಗೆ ಬರುವಾಗ ಖುಷಿಗೆ ಅವನ ಕಾಲು ನೆಲ ಮುಟ್ಟಿರಲಿಲ್ಲ. ಆದರೆ ಸುದ್ದಿ ಕೇಳಿ ದೇವಕಮ್ಮ ಬೇಡವೆಂದು ತಲೆ ಅಲ್ಲಾಡಿಸಿದಳು.

“ಯಾಕ, ಒಲ್ಲೇನು?” ಎಂದ ಅವನು. “ನಮ್ಮ ಕೇರಿಯೊಳಗ ಮಾಸ್ತರಕಿ ಮಾಡಿದೋರು ಯಾರ ಅದಾರ ಹೇಳು? ತಾನಾಗೇ ಬಂದದ.”

“ಅಪ್ಪಾ, ಅವತ್ತ ನಾ ತಪ್ಪಿದ್ದು ಕೇಳ್ದಿಲ್ಲ? ಯಾಕ ತಪ್ಪಿದೆ ಅಂದಿ? ಅರ್ಧಾ ಕಲ್ತಿದ್ದೆ. ಸುಲ್ತಾನಸಾಬ ಮಾಸ್ತರು ತಡದ್ರು, ಅದಕ್ಕ ಉಳದೆ. ಈಗ ಬಿಟ್ರ ಅರ್ಧಾ ಕಲ್ತದ್ದನ್ನೇ ಜನ್ಮಪೂರ್ತಿ ಹೇಳಬೇಕಾಗ್ತದ. ಪೂರಾ ಕಲೀತೀನಿ. ಎಂ.ಎಸ್ಸಿ. ತನಕ ಹೋಗ್ತೀನಿ. ಆಮ್ಯಾಲ ಬರ್ತೀನಿ.”

ಈಶಪ್ಪ ಹೋಗಿ ಬಾಗಿಲ ಕಲ್ಲಿನ ಮೇಲೆ ಕೂತ. ತಿಮ್ಮವ್ವ ಒಳಗಿನಿಂದಲೇ, “ಆಕಿ ಬಾಯಿ ಬಿಟ್ಟು ಕೇಳಾಕತ್ಯಾಳ. ಜವಾಬು ಕೊಡು,” ಎಂದಳು.

“ಏನ ಕೊಡ್ಲಿ?” ಎಂದ ಈಶಪ್ಪ ತಿರುಗದೆಯೇ. “ನಮ್ಮ ಮನಿ ಮುಂದ ಹಾದು ಹೋಗದ ಮಾಸ್ತರು ಈಕಿ ಮುಂದ ಬಂದು ಕೈ ಚಾಚಿದ್ದು ನಾ ಗಿಡದ ಬುಡಕ ಕುಂತು ಕಣ್ಣಾರೆ ನೋಡೀನಿ. ಅರ್ಧಾ ಕಲ್ತಾಗ ಇಷ್ಟಂದ್ರ...” ಅವನು ಎದ್ದು ರುಮಾಲು ಸುತ್ತಿಕೊಂಡ. ಮರುದಿನ ಸಾಹೇಬರ ಮುಂದೆ ಕೈ ಮುಗಿದು ನಿಂತು ಹೇಳಿದ: “ಮಗಳು ಇನ್ನೂ ಓದ್ತಾಳ್ರಿ.”

ಜೂನ್‌ನಲ್ಲಿ ಅವಳು ಯಾದಗಿರಿಯಲ್ಲಿ ರೈಲು ಹತ್ತುವ ಹೊತ್ತಿಗೆ, ಊರೊಳಗಿನ ಶಾಲೆಯಲ್ಲಿ ಸುಲ್ತಾನಸಾಬ ಮಾಸ್ತರು ಕನ್ನಡದಲ್ಲಿ ಗಣಿತ ಶುರುಮಾಡಿದ್ದರು. ಬಿ.ಎಸ್ಸಿ.ಯಲ್ಲಿ ದೇವಕಮ್ಮ ಗಣಿತಕ್ಕೆ ಕಾಲೇಜಿಗೇ ಮೊದಲಿಗಳಾದಳು. ಎಂ.ಎಸ್ಸಿ. ಕಷ್ಟವಾಯಿತು. ಒಂದು ಪರೀಕ್ಷೆ ಎರಡು ಸಲ ಬರೆಯಬೇಕಾಯಿತು, ಬರೆದಳು. ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದ ವರ್ಷ ಅವಳು ಗುಲಬರ್ಗಾದ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕಿಯಾದಳು.

ಮೊದಲ ದಿನ ಹಾಜರಿ ಮುಗಿಸಿ ಅವಳು ತರಗತಿಗೆ ಹೇಳಿದಳು: “ಪಾಠ ಇಂಗ್ಲಿಷಿನಾಗ ಅದ. ತಿಳೀಲಿಲ್ಲಂದ್ರ ಕನ್ನಡದಾಗ ಹೇಳ್ತೀನಿ. ನಾ ತಪ್ಪಿದ್ರ ಅಲ್ಲೇ ತಡೀರಿ, ಸುಮ್ಮ ಕೂಡಬ್ಯಾಡ್ರಿ.”

ಬೋರ್ಡಿಗೆ ತಿರುಗಿ ಮೊದಲ ಸಾಲು ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತ್ತು.